ತನ್ನ ನಾದಕ್ಕೆ ತಾನೇ ಸಾಕ್ಷಿಯೆ?

ಯಾವ ಕೆಲಸವೇ ಆಗಲಿ, ಅದನ್ನು ಮಾಡುವವನಷ್ಟು ಸಮೀಪದಿಂದ ಕಂಡವರು ಬೇರೊಬ್ಬರಿಲ್ಲ. ಆದರೂ ಆ ಕೆಲಸದ ಗುಣದೋಷಗಳನ್ನು ತೀರ್ಮಾನಿಸುವ ಅಧಿಕಾರವನ್ನು ಲೋಕವು ಮಾಡಿದವನಿಗೆ ಬಿಟ್ಟುಕೊಟ್ಟಿಲ್ಲ. ಅಡಿಗೆಯ ರುಚಿಯನ್ನು ಉಂಡವರು ಹೇಳಬೇಕು; ಕವಿಯು ತನ್ನ ಕಾವ್ಯವನ್ನು ಸಹೃದಯನ ಮುಂದಿಡಬೇಕು; ನ್ಯಾಯಸ್ಥಾನದಲ್ಲಿ ತನ್ನ ಪಕ್ಷಕ್ಕೆ ತಾನೇ ಸಾಕ್ಷಿ ನುಡಿಯುವವನ ಮಾತಿಗೆ ತೂಕ ಕಡಮೆ. ಇದು ಯುಕ್ತವೆ? ಅತಿ ಹತ್ತಿರದಲ್ಲಿರುವವನಿಗೇ ಅತಿ ಚೆನ್ನಾಗಿ ಕಾಣಬೇಕಲ್ಲವೆ? ಇದನ್ನು ಬರಿಯ ತರ್ಕದಿಂದ ಬಿಡಿಸಹೊರಟರೆ ಮಾತು ಬೆಳೆದೀತೇ ಹೊರತು ಸಂದೇಹವು ತೀರದು. ಕೈಗೆ ಸಿಕ್ಕುವ ದೃಷ್ಟಾಂತವೊಂದು ಬೇಕು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ವಾದ್ಯವು ಅಂತಹ ದೃಷ್ಟಾಂತವನ್ನು ಒದಗಿಸುತ್ತದೆ. ಅದು ಮೋರ್ಸಿಂಗು.

ಕರ್ಣಾಟಕ ಸಂಗೀತದ ಕಚೇರಿಗಳಿಗೆ ಹೋಗುವ ರಸಿಕರು ಅದನ್ನು ಕಂಡಿರುತ್ತಾರೆ; ಕಂಡವರೆಲ್ಲರೂ ಗಮನಿಸಿರುತ್ತಾರೆಂದು ಹೇಳುವಂತಿಲ್ಲ. ಮೃದಂಗದವರ ಸಮೀಪದಲ್ಲಿ, ಘಟ ಖಂಜಿರಗಳ ಸಾಲಿನಲ್ಲಿ, ಬಾಯಿಗೆ ಏನನ್ನೋ ಹಿಡಿದು ಮೌನವಾಗಿ ಕುಳಿತವರೇ ಮೋರ್ಸಿಂಗಿನವರು. ವಾದ್ಯದ ಕಟ್ಟು ಬಹು ಸರಳ. ಕಬ್ಬಿಣದ ಒಂದು ಬಳೆ. ಆ ಬಳೆಯ ಎರಡು ತುದಿಗಳು ಒಂದರ ಪಕ್ಕದಲ್ಲೊಂದು ಮುಂದಕ್ಕೆ ಚಾಚಿಕೊಂಡು ಎರಡು ಕವಲುಗಳಾಗಿರುತ್ತವೆ. ಅವುಗಳ ನಡುವೆ, ಎರಡನ್ನೂ ಮುಟ್ಟದೆ, ಉಕ್ಕಿನ ತೆಳುವಾದ ನಾಲಿಗೆಯೊಂದು ಹಾಯ್ದುಹೋಗಿ ತುದಿಯಲ್ಲಿ ಬಾಗಿ ನಿಲ್ಲುತ್ತದೆ. ಎಡಗೈಯಲ್ಲಿ ಬಳೆಯನ್ನು ಹಿಡಿದು, ಕವಲುಗಳನ್ನು ಮುಂಬಲ್ಲುಗಳಿಗೆ ಆನಿಸಿ, ಬಲಗೈಯ ತೋರುಬೆರಳಿನಿಂದ ಆ ಬಾಗಿದ ತುದಿಯನ್ನು ಮೀಟಬೇಕು. ತಂತಿಗಳಿಲ್ಲ, ರಂಧ್ರಗಳಿಲ್ಲ, ಚರ್ಮದ ಹೊದಿಕೆಯಿಲ್ಲ.

ಇಷ್ಟು ಅಲ್ಪವಾದ ವಸ್ತುವಿನ ವಂಶಾವಳಿಯು ಅಲ್ಪವಾದುದಲ್ಲ. ಚೀನದೇಶದ ಶಿಮಾವ್ ಎಂಬ ಪ್ರಾಚೀನ ನಗರದ ಅವಶೇಷಗಳಲ್ಲಿ ಸುಮಾರು 4000 ವರ್ಷಗಳ ಹಿಂದಿನ ಮೂಳೆಯ ಬಾಯಿವಾದ್ಯಗಳು ದೊರೆತಿವೆ. ರಾಜಸ್ಥಾನದ ಮೋರ್ಚಂಗ್, ನೇಪಾಳದ ಮುರ್ಚುಂಗಾ, ಅಸ್ಸಾಮಿನವರು ಬಿಹು ಹಬ್ಬದಲ್ಲಿ ನುಡಿಸುವ ಬಿದಿರಿನ ಗಗನಾ, ಸೈಬೀರಿಯದ ಸಾಖಾ ಜನರ ಖೋಮುಸ್, ಇವೆಲ್ಲವೂ ಒಂದೇ ಕುಲಕ್ಕೆ ಸೇರಿದುವು. ಯುರೋಪಿನಲ್ಲಿ ಇದು ಬಹುಕಾಲ ಬೀದಿಯ ಆಟಿಕೆಯೆನಿಸಿಕೊಂಡಿದ್ದರೂ, ಮುಂದೆ ಬೇಥೋವನ್ನನಿಗೆ ಪಾಠ ಹೇಳಿದ ಆಲ್ಬ್ರೆಕ್ಟ್ಸ್‌ಬರ್ಗರನು 18ನೆಯ ಶತಮಾನದಲ್ಲಿ ಇದಕ್ಕಾಗಿಯೇ ವಾದ್ಯಮೇಳದೊಡನೆ ನುಡಿಸತಕ್ಕ ಕೃತಿಗಳನ್ನು ರಚಿಸಿದನು. ದಕ್ಷಿಣದೇಶದಲ್ಲಿ ಇದು ತಾಳವಾದ್ಯದ ಪದವಿಯನ್ನು ಪಡೆಯಿತು. ಮದರಾಸಿನ ಟಿ. ಆರ್. ಹರಿಹರ ಶರ್ಮರು, ಬೆಂಗಳೂರಿನ ಎಲ್. ಭೀಮಾಚಾರ್ ಅವರು ಮೊದಲಾದವರ ಪರಿಶ್ರಮದಿಂದ ಅದಕ್ಕೆ ಕಚೇರಿಯ ವೇದಿಕೆಯಲ್ಲಿ ಗೌರವದ ಸ್ಥಾನ ದೊರಕಿತು.

ಈ ವಾದ್ಯದಲ್ಲಿ ನಾದವು ಹುಟ್ಟುವ ಕ್ರಮವನ್ನು ತಿಳಿಯದೆ ಮುಂದಿನ ವಿಚಾರವು ಸ್ಪಷ್ಟವಾಗದು. ಉಕ್ಕಿನ ನಾಲಿಗೆಯನ್ನು ಎಷ್ಟು ಸಲ ಮೀಟಿದರೂ ಅದರ ಮೂಲಶ್ರುತಿಯು ಒಂದೇ. ಆದರೆ ಆ ಒಂದು ಶ್ರುತಿಯ ಮೇಲೆ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದಿಂದ ಕಂಪಿಸುವ ಉಪಸ್ವರಗಳು ಒಂದರ ಮೇಲೊಂದು ಅಡಗಿ ಕುಳಿತಿರುತ್ತವೆ. ನುಡಿಸುವವನ ಬಾಯಿಯ ಪೊಟರೆಯೇ ವಾದ್ಯದ ಕುಂಭ. ‘ಈ’ ಎನ್ನುವಾಗಿನಂತೆ ನಾಲಿಗೆಯನ್ನು ಮುಂದಕ್ಕೆತ್ತಿದರೆ ಮೇಲಿನ ಉಪಸ್ವರಗಳು ಹೊಮ್ಮುತ್ತವೆ. ‘ಊ’ ಎನ್ನುವಾಗಿನಂತೆ ಹಿಂದಕ್ಕೆಳೆದು ತುಟಿಯನ್ನು ಕಿರಿದು ಮಾಡಿದರೆ ಕೆಳಗಿನವು ಎದ್ದು ಕೇಳುತ್ತವೆ. ಮಾತಿನ ಸ್ವರಾಕ್ಷರಗಳು ಬೇರೆಬೇರೆಯಾಗಿ ಕೇಳುವುದಕ್ಕೂ ಬಾಯಿಯ ಪೊಟರೆಯ ಈ ಆಕಾರಭೇದವೇ ಕಾರಣವೆಂಬುದನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸನು 1863ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು. ಆದುದರಿಂದ ಮೋರ್ಸಿಂಗನ್ನು ನುಡಿಸುವವನು ಒಂದರ್ಥದಲ್ಲಿ ಮಾತನಾಡುತ್ತಲೇ ಇರುತ್ತಾನೆ. ಕಂಠದ ಬದಲು ಕಬ್ಬಿಣವು ದನಿ ಕೊಡುತ್ತದೆ, ಅಷ್ಟೆ.

ಕಲಿಕೆಯ ಹಾದಿಯೂ ಇದಕ್ಕೆ ಅನುಗುಣವಾಗಿದೆ. ಮೋರ್ಸಿಂಗಿನ ವಿದ್ಯಾರ್ಥಿಯು ಮೃದಂಗದ ಪಾಠಗಳನ್ನೇ ಕಲಿಯುತ್ತಾನೆ. ತ, ಧಿ, ತೊಂ, ನಂ ಎಂಬ ಮೊದಲ ಸೊಲ್ಲುಗಳನ್ನು ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳಿ, ಒಂದನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ ಸಾಧಿಸಿ, ಆಮೇಲೆ ಅದೇ ಸೊಲ್ಲುಗಳನ್ನು ದನಿಯಿಲ್ಲದೆ ನಾಲಿಗೆಯಿಂದ ಆಡುತ್ತ ಬೆರಳಿನಿಂದ ಮೀಟಬೇಕು. ಉಸಿರನ್ನು ಒಳಗೆಳೆಯುವುದರಿಂದಲೂ ಹೊರಬಿಡುವುದರಿಂದಲೂ ಘಾತಕ್ಕೆ ಒತ್ತು ಬರುತ್ತದೆ. ಆದಕಾರಣ ಉಸಿರಿಗೂ ಲೆಕ್ಕವನ್ನು ಕಲಿಸಬೇಕು. ಮೊದಮೊದಲು ಉಕ್ಕು ಹಲ್ಲಿಗೆ ಬಡಿಯುವುದು, ತುಟಿ ಕೊಯ್ಯುವುದು, ಬೆರಳ ತುದಿ ಬಾತುಕೊಳ್ಳುವುದು, ಇವೆಲ್ಲ ಸಾಮಾನ್ಯ. ಹಲ್ಲುಗಳ ನಡುವೆ ಎಡೆ ಕಡಮೆಯಾದರೆ ನಾಲಿಗೆ ತಗುಲುತ್ತದೆ. ಹೆಚ್ಚಾದರೆ ನಾದವು ಚದರುತ್ತದೆ. ಈ ಕಷ್ಟಗಳು ಕೆಲವು ತಿಂಗಳುಗಳಲ್ಲಿ ಕಳೆಯುವಂಥವು. ಕಳೆಯದೆ ಉಳಿಯುವ ಕಷ್ಟವು ಬೇರೊಂದಿದೆ.

ಅದು ಯಾವುದೆಂದರೆ, ವಾದ್ಯವು ಹಲ್ಲಿಗೆ ಆನಿಕೊಂಡಿರುವುದರಿಂದ ಅದರ ಕಂಪನವು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಅಲ್ಲಿಂದ ಒಳಗಿವಿಗೆ ನೇರವಾಗಿ ಹರಿಯುತ್ತದೆ. ನುಡಿಸುವವನಿಗೆ ತನ್ನ ತಲೆಯೇ ಒಂದು ದೇವಾಲಯದ ಗರ್ಭಗುಡಿಯಾಗಿ, ಅದರೊಳಗೆ ಘಂಟೆ ಮೊಳಗಿದಂತಾಗುತ್ತದೆ. ಎದುರಿಗೆ ನಾಲ್ಕು ಮೊಳದ ದೂರದಲ್ಲಿ ಕುಳಿತವನಿಗೆ ಕೇಳುವುದು ದುಂಬಿಯ ಮೊರೆತದಂತಹ ಸಣ್ಣ ಝೇಂಕಾರ. ಧ್ವನಿಮುದ್ರಣದಲ್ಲಿ ತಮ್ಮ ಕಂಠವನ್ನು ಮೊದಲ ಸಲ ಕೇಳಿದವರು ‘ಇದು ತಮ್ಮ ದನಿಯಲ್ಲ’ ಎಂದು ಬೆರಗಾಗುವುದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಇದೇ ಕಾರಣ. ಆದರೆ ಗಾಯಕನಲ್ಲಿ ಸ್ವಲ್ಪವಾಗಿರುವ ಈ ಭೇದವು ಮೋರ್ಸಿಂಗಿನಲ್ಲಿ ಅತಿಶಯವಾಗಿದೆ. ಸಾಧಕನು ಒಂಟಿಯಾಗಿ ಕುಳಿತು ನುಡಿಸುವಾಗ ತಾನು ಸಮುದ್ರವನ್ನೇ ಕಡೆಯುತ್ತಿರುವೆನೆಂದು ಭಾವಿಸಬಹುದು. ಪಕ್ಕದ ಕೋಣೆಯಲ್ಲಿರುವವರಿಗೆ ಅವನು ನುಡಿಸುತ್ತಿರುವುದೇ ತಿಳಿಯದಿರಬಹುದು. ಒಂದೇ ಮೀಟು, ಎರಡು ನಾದ: ಒಂದು ಒಳಗೆ, ಒಂದು ಹೊರಗೆ. ಇವುಗಳಲ್ಲಿ ಯಾವುದು ಅವನ ಕಲೆ?

ಒಳಗಿನದೇ ಕಲೆಯೆಂಬ ಪಕ್ಷವನ್ನು ಮೊದಲು ವಿಚಾರಿಸೋಣವಾಗಲಿ. ವಿದ್ಯೆಯ ಪರಮಫಲವು ಆತ್ಮಸಂತೋಷ. ಮೋರ್ಸಿಂಗಿನ ನಿಜವಾದ ವೈಭವವು ನುಡಿಸುವವನ ಕಿವಿಗೇ ಮೀಸಲಾಗಿರುವಾಗ, ಪರರಿಗಾಗಿ ಹಂಬಲಿಸುವುದೇಕೆ? ಸಾಖಾ ಜನರ ದೀರ್ಘವಾದ ಹಿಮಗಾಲದಲ್ಲಿ ಖೋಮುಸನ್ನು ನುಡಿಸುವವನಿಗೆ ಸಭೆಯ ಹಂಗಿಲ್ಲ. ಬಾಯಿಗಿಟ್ಟು ಮೀಟಿದರೆ ಅವನ ಏಕಾಂತವು ತುಂಬುತ್ತದೆ. ಅಲ್ಲದೆ ಪರರ ಅಭಿಪ್ರಾಯವು ಎಂದಿಗಾದರೂ ಸ್ಥಿರವೆ? ತನ್ನ ಕಾಲದವರು ಆದರಿಸದಿದ್ದಾಗ ಭವಭೂತಿಯು, ಕಾಲವು ಅನಂತವಾದುದರಿಂದಲೂ ಭೂಮಿಯು ವಿಶಾಲವಾದುದರಿಂದಲೂ ಎಂದಾದರೂ ಸಮಾನಧರ್ಮಿಯೊಬ್ಬನು ಹುಟ್ಟದಿರನೆಂದು ಸಮಾಧಾನ ತಂದುಕೊಂಡನು. ಆ ಧೈರ್ಯವಿಲ್ಲದವನು ಹೊಸದೇನನ್ನೂ ಸಾಧಿಸಲಾರನು.

ಈ ಪಕ್ಷದಲ್ಲಿ ಸತ್ಯಾಂಶವಿದೆ. ಒಳಗಿನ ಆನಂದವಿಲ್ಲದೆ ಯಾರೂ ವರ್ಷಗಟ್ಟಲೆ ಹಲ್ಲಿಗೆ ಕಬ್ಬಿಣವನ್ನು ಒತ್ತಿಕೊಂಡು ಕೂರಲಾರರು. ಆದರೆ ಇಲ್ಲಿ ಒಂದು ತೊಡಕಿದೆ. ಒಳಗಿನ ನಾದವು ಸಾಧಕನ ನಿಪುಣತೆಯಿಂದಲೇ ದೊಡ್ಡದಾಗಿ ಕೇಳುತ್ತಿಲ್ಲ; ಎಲುಬು ಅದನ್ನು ದೊಡ್ಡದು ಮಾಡುತ್ತಿದೆ. ನಿಪುಣನಿಗೂ ಹೊಸಬನಿಗೂ ಎಲುಬು ಒಂದೇ. ನಿನ್ನೆ ತಾನೆ ವಾದ್ಯವನ್ನು ಕೊಂಡವನು ಅಡ್ಡಾದಿಡ್ಡಿಯಾಗಿ ಮೀಟಿದರೂ ಅವನ ತಲೆಯೊಳಗೆ ಘಂಟೆಯೇ ಮೊಳಗುತ್ತದೆ. ಹಾಗಿದ್ದಮೇಲೆ ಆ ಮೊಳಗನ್ನು ಸಾಧನೆಗೆ ಪ್ರಮಾಣವೆಂದು ಹೇಗೆ ಒಪ್ಪುವುದು? ಸಂತೋಷವು ನಿಜ, ಆ ಸಂತೋಷವು ಕೊಡುವ ಸಾಕ್ಷ್ಯವು ನಿಜವಲ್ಲ. ಇವೆರಡನ್ನು ಬೇರ್ಪಡಿಸಲಾರದವನು ತನ್ನ ಉತ್ಸಾಹವನ್ನೇ ವಿದ್ಯೆಯೆಂದು ಬಗೆದು ಅಲ್ಲಿಯೇ ನಿಂತುಬಿಡುತ್ತಾನೆ. ಭವಭೂತಿಯ ಧೈರ್ಯವು ಮಹಾಕವಿಯಲ್ಲಿ ಭೂಷಣ. ಪಾಠ ಒಪ್ಪಿಸದ ಹುಡುಗನ ಬಾಯಲ್ಲಿ ಅದೇ ಒಂದು ನೆವ.

ಹಾಗಾದರೆ ಹೊರಗಿನದೇ ಪ್ರಮಾಣವಾಗಲಿ ಎಂಬುದು ಎರಡನೆಯ ಪಕ್ಷ. ಶಾಕುಂತಲದ ಆರಂಭದಲ್ಲಿ ಕಾಳಿದಾಸನ ಸೂತ್ರಧಾರನು, ಬಲ್ಲವರು ಮೆಚ್ಚುವವರೆಗೆ ತನ್ನ ಪ್ರಯೋಗವನ್ನು ಒಳ್ಳೆಯದೆಂದು ನಂಬಲಾರದೆ ಹೋಗುತ್ತಾನೆ. ಎಷ್ಟು ಶಿಕ್ಷಣ ಪಡೆದವರ ಮನಸ್ಸಾದರೂ ತನ್ನ ವಿಷಯದಲ್ಲಿ ತಾನು ಅಳುಕುತ್ತದೆಂಬುದು ಅವನ ಅನುಭವ. ವಿನಯದ ಮಾತು, ಆದರೆ ಅಲ್ಲಿ ಹೇಳಿರುವುದು ಬಲ್ಲವರ ಮೆಚ್ಚುಗೆಯೇ ಹೊರತು ಸಭೆಯ ಕರತಾಡನವಲ್ಲ. ಸಭೆಯು ಬೆರಗಿಗೆ ಬೇಗನೆ ಒಲಿಯುತ್ತದೆ. 1802ರಲ್ಲಿ ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ ಹುಟ್ಟಿದ ಐಲೆನ್‌ಸ್ಟೈನ್ ಎಂಬ ವಾದಕನು ಬೇರೆಬೇರೆ ಶ್ರುತಿಯ ಹದಿನಾರು ಬಾಯಿವಾದ್ಯಗಳನ್ನು ಒಂದರ ಮೇಲೊಂದರಂತೆ ಬದಲಿಸಿ ನುಡಿಸಿ ಇಂಗ್ಲೆಂಡಿನ ಸಭೆಗಳನ್ನು ಬೆರಗುಗೊಳಿಸಿದನು. ಕಬ್ಬಿಣದ ನಿರಂತರ ಆಘಾತದಿಂದ ಹಲ್ಲುಗಳು ಕೆಟ್ಟು, ಕೊನೆಗೆ ಅವನು ಆ ವಾದ್ಯವನ್ನು ಬಿಟ್ಟು ಗಿಟಾರಿನ ಪಾಠ ಹೇಳಿ ಜೀವಿಸಬೇಕಾಯಿತು. ಚಪ್ಪಾಳೆ ತಟ್ಟಿದವರಿಗೆ ಅವನ ಹಲ್ಲಿನ ಸುದ್ದಿ ತಿಳಿಯುವಂತಿರಲಿಲ್ಲ. ಹೊರಗಿನ ಕಿವಿಯು ಹೊರಗಿನದನ್ನು ಮಾತ್ರ ಕೇಳುತ್ತದೆ.

ಅಷ್ಟೇ ಅಲ್ಲ. ಇಂದಿನ ಕಚೇರಿಗಳಲ್ಲಿ ಮೋರ್ಸಿಂಗಿನವರ ಬಾಯಿಯ ಬಳಿಯಲ್ಲಿಯೇ ಮೈಕು ಇರುತ್ತದೆ. ಹಿಂದಿನ ಸಾಲಿನವರಿಗೂ ಆ ಸಣ್ಣ ನಾದವು ಈಗ ಕೇಳುತ್ತದೆ; ಇದು ಉಪಕಾರವೇ. ಆದರೆ ಯಂತ್ರವು ಹಿಗ್ಗಿಸಿದುದನ್ನು ಕೇಳಿ ಮೆಚ್ಚುವ ಶ್ರೋತೃವು, ಎಲುಬು ಹಿಗ್ಗಿಸಿದುದನ್ನು ಕೇಳಿ ಹಿಗ್ಗುವ ಸಾಧಕನಿಗಿಂತ ಎಷ್ಟರಮಟ್ಟಿಗೆ ಹೆಚ್ಚು ನಂಬತಕ್ಕವನು? ಗಾತ್ರವನ್ನು ಗುಣವೆಂದು ತಿಳಿಯುವ ದೋಷವು ಇಬ್ಬರಲ್ಲಿಯೂ ಸಮಾನ. ಹೀಗೆ ತನ್ನ ಕಿವಿಯೂ ನಂಬತಕ್ಕದ್ದಲ್ಲ, ಪರರ ಕಿವಿಯೂ ಪೂರ್ತಿಯಾಗಿ ನಂಬತಕ್ಕದ್ದಲ್ಲವೆಂದಾದರೆ ಕಲಿಯುವವನು ಯಾರ ಬಳಿಗೆ ಹೋಗಬೇಕು?

ಈ ಎರಡರ ನಡುವೆ ಮೂರನೆಯದೊಂದು ಉಂಟು. ಅದು ಯಾರ ಸ್ವತ್ತೂ ಅಲ್ಲ. ಮೋರ್ಸಿಂಗಿನ ಶ್ರುತಿಯನ್ನು ಸರಿಪಡಿಸುವ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ. ಇದಕ್ಕೆ ಬಿರಡೆಯಿಲ್ಲ. ಶ್ರುತಿಯನ್ನು ಸ್ವಲ್ಪ ಇಳಿಸಬೇಕಾದರೆ ಉಕ್ಕಿನ ನಾಲಿಗೆಯ ತುದಿಗೆ ಜೇನುಮೇಣವನ್ನು ಅಂಟಿಸುತ್ತಾರೆ. ಏರಿಸಬೇಕಾದರೆ ಮೇಣವನ್ನು ಕೆರೆದು ತೆಗೆಯುತ್ತಾರೆ, ಇಲ್ಲವೆ ತುದಿಯನ್ನು ಅರದಿಂದ ಉಜ್ಜುತ್ತಾರೆ. ಭೇದವು ದೊಡ್ಡದಾದರೆ ಬೇರೆ ವಾದ್ಯವನ್ನೇ ತೆಗೆದುಕೊಳ್ಳಬೇಕು. ಆದುದರಿಂದಲೇ ವಾದಕರು ಹಲವು ಮೋರ್ಸಿಂಗುಗಳನ್ನು ಜೊತೆಯಲ್ಲಿ ತರುತ್ತಾರೆ. ಮೇಣವು ಸಾಕೇ ಸಾಲದೇ ಎಂಬುದನ್ನು ತಂಬೂರಿಯೊಡನೆ ಕೂಡಿಸಿ ನೋಡಬೇಕು. ಎರಡು ನಾದಗಳು ಸಮೀಪಕ್ಕೆ ಬಂದೂ ಒಂದಾಗದಿದ್ದರೆ, ಅವುಗಳ ನಡುವೆ ‘ವೋಂ ವೋಂ’ ಎಂಬ ಒಂದು ತೂಗಾಟವು ಹುಟ್ಟುತ್ತದೆ. ಅಂತರವು ಕಡಮೆಯಾದಂತೆ ತೂಗಾಟವು ನಿಧಾನವಾಗಿ, ಪೂರ್ತಿ ಕೂಡಿದಾಗ ನಿಲ್ಲುತ್ತದೆ. ಈ ತೂಗಾಟವು ವಾದಕನ ಪಕ್ಷಪಾತಿಯಲ್ಲ. ಶ್ರೋತೃವಿನ ಪಕ್ಷಪಾತಿಯೂ ಅಲ್ಲ. ತಲೆಬುರುಡೆಯು ನಾದವನ್ನು ಎಷ್ಟು ಹಿಗ್ಗಿಸಿದರೂ ಇದನ್ನು ಮುಚ್ಚಿಡಲಾರದು.

ಇದೇ ದಾರಿಯನ್ನು ಹಿಡಿದು ಬಹುದೂರ ನಡೆದವನು ಜರ್ಮನಿಯ ಕ್ರೇಫೆಲ್ಡ್ ಊರಿನ ರೇಷ್ಮೆಯ ಉದ್ಯಮಿ ಶೈಬ್ಲರನು. ಅವನ ಆಸಕ್ತಿಯು ಆರಂಭವಾದುದು ಬಾಯಿವಾದ್ಯದಿಂದಲೇ. ಹಲವು ಬಾಯಿವಾದ್ಯಗಳನ್ನು ಒಟ್ಟಿಗೆ ಜೋಡಿಸಿ ನುಡಿಸುವ ಸಲಕರಣೆಯನ್ನು ಅವನು ರಚಿಸಿದನು. ಅವುಗಳ ಶ್ರುತಿಯನ್ನು ಕೂಡಿಸುವ ಚಿಂತೆಯು ಅವನನ್ನು ಬಿಡಲಿಲ್ಲ. ಕಿವಿಯ ಅಂದಾಜನ್ನು ನೆಚ್ಚದೆ, ಎರಡು ನಾದಗಳ ನಡುವಣ ತೂಗಾಟಗಳನ್ನು ಎಣಿಸಿಯೇ ಅಂತರವನ್ನು ಅಳೆಯುವ ಕ್ರಮವನ್ನು ಹಿಡಿದು, ಐವತ್ತಕ್ಕೆ ಮಿಕ್ಕ ಶ್ರುತಿಕವಲುಗಳ ಒಂದು ಮಾಪಕವನ್ನು ಸಿದ್ಧಪಡಿಸಿದನು. 1834ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಸೇರಿದ್ದ ವಿಜ್ಞಾನಿಗಳ ಮುಂದೆ, ಸೆಕೆಂಡಿಗೆ 440 ಕಂಪನಗಳ ಸ್ವರವನ್ನು ಪ್ರಮಾಣಶ್ರುತಿಯಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದವನು ಇವನೇ. ಪಾಶ್ಚಾತ್ಯ ವಾದ್ಯಮೇಳಗಳು ಇಂದು ಸಾಮಾನ್ಯವಾಗಿ ಅನುಸರಿಸುವ ಪ್ರಮಾಣವೂ ಅದೇ. ಹುಡುಗರ ಆಟಿಕೆಯೆನಿಸಿದ ವಾದ್ಯವು ಒಬ್ಬ ಮನುಷ್ಯನನ್ನು ತನ್ನ ಕಿವಿಯ ಮೇಲಣ ಕುರುಡು ನಂಬಿಕೆಯಿಂದ ಬಿಡಿಸಿ ಅಳತೆಯ ಕಡೆಗೆ ನಡೆಸಿತೆಂಬುದು ಗಮನಾರ್ಹ.

ಶ್ರುತಿಯಲ್ಲಿ ತೂಗಾಟವಿದ್ದಂತೆ ಲಯದಲ್ಲಿ ತಾಳವಿದೆ. ಆದಿತಾಳದ ಒಂದು ಆವರ್ತಕ್ಕೆ 8 ಅಕ್ಷರಗಳು. ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ 32. ಮೂವತ್ತೊಂದಕ್ಕೆ ಮುಗಿಸಿದವನು ಎಷ್ಟು ಸೊಗಸಾಗಿ ಮುಗಿಸಿದರೂ ತಪ್ಪಿದವನೇ. ಅವನ ಒಳಗಿವಿಯು ತೃಪ್ತವಾಗಿರಬಹುದು, ಸಭೆಯು ಗಮನಿಸದೆ ತಲೆದೂಗಿರಬಹುದು, ಮೂವತ್ತೊಂದು ಮೂವತ್ತೆರಡಾಗದು. ಗುರುವು ಶಿಷ್ಯನ ಎದುರಿಗೆ ಕುಳಿತು ತೊಡೆಯ ಮೇಲೆ ತಾಳ ಹಾಕುವುದರ ಅಭಿಪ್ರಾಯ ಇದೇ. ಆ ಕೈಯು ‘ನನಗೆ ಹಿಡಿಸಿತು’ ಎಂದೂ ಹೇಳುವುದಿಲ್ಲ, ‘ಹಿಡಿಸಲಿಲ್ಲ’ ಎಂದೂ ಹೇಳುವುದಿಲ್ಲ. ಗುರುಶಿಷ್ಯರಿಬ್ಬರೂ ಮಣಿಯಬೇಕಾದ ಒಂದು ನಿಯಮವನ್ನು ಕಣ್ಣಿಗೆ ಕಾಣುವಂತೆ ಇಡುತ್ತದೆ. ಗುರುವು ತಪ್ಪಿದರೂ ತಾಳವು ಅವನನ್ನು ಬಿಡದು.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ಲೆಕ್ಕವು ಸರಿಯಾದ ಮಾತ್ರಕ್ಕೆ ಕಲೆ ಹುಟ್ಟೀತೆ? ಮೂವತ್ತೆರಡನ್ನು ತಪ್ಪದೆ ಎಣಿಸುವ ಗಡಿಯಾರವು ವಿದ್ವಾಂಸನಲ್ಲ. ಆಕ್ಷೇಪವು ಸರಿಯಾದುದೇ. ನಿಯಮವು ಸೌಂದರ್ಯವನ್ನು ಕೊಡಲಾರದು. ಅದು ಕೊಡತಕ್ಕದ್ದು ಪ್ರಾಮಾಣಿಕತೆಯನ್ನು. ಯಾವುದು ತಪ್ಪೆಂದು ಅದು ಹೇಳಬಲ್ಲುದು. ಸರಿಯಾದವುಗಳಲ್ಲಿ ಯಾವುದು ಸುಂದರವೆಂಬುದನ್ನು ವಾದಕನ ಹೃದಯವೂ ಬಲ್ಲವರ ಹೃದಯವೂ ಕೂಡಿ ಹೇಳಬೇಕು. ಆದರೆ ತಪ್ಪನ್ನು ತಪ್ಪೆಂದು ಒಪ್ಪಲು ಕಲಿಯದ ಹೃದಯದ ಮಾತಿಗೆ ಬೆಲೆ ಬರುವುದು ಹೇಗೆ? ನಿಯಮಕ್ಕೆ ಬಹುಕಾಲ ಮಣಿದು ಪಳಗಿದ ಮೇಲೆ ಒಳಗಿನ ಆನಂದವು ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ. ಮೊದಲು ಎಲುಬಿನ ಮೊಳಗಿಗೆ ಹಿಗ್ಗುತ್ತಿದ್ದವನು ಈಗ ಮೇಳವಾದುದಕ್ಕೆ ಹಿಗ್ಗುತ್ತಾನೆ. ಆನಂದವು ಮೊದಲೂ ಇತ್ತು, ಈಗಲೂ ಇದೆ. ಅದರ ವಿಷಯವು ಬದಲಾಯಿತು.

ಈ ಬದಲಾವಣೆಯು ಎದ್ದು ತೋರುವುದು ತನಿ ಆವರ್ತನದಲ್ಲಿ. ಮೃದಂಗದವರು ಒಂದು ಆವರ್ತವನ್ನು ನುಡಿಸಿ ಬಿಡುತ್ತಾರೆ. ಮೋರ್ಸಿಂಗಿನವರು ಅದಕ್ಕೆ ಉತ್ತರ ಕೊಡುತ್ತಾರೆ. ಆಮೇಲೆ ಅರ್ಧ, ಕಾಲು ಎಂದು ಮಾತುಗಳು ಕಿರಿದಾಗುತ್ತ ಬಂದು, ಕೊನೆಗೆ ಎಲ್ಲರೂ ಕೂಡಿ ಮೋರಾ ಕೋರ್ವೆಗಳನ್ನು ನುಡಿಸಿ ಪಲ್ಲವಿಯ ಎಡುಪಿಗೆ ಬಂದು ಸೇರುತ್ತಾರೆ. ಹಾಗೆ ಕೂಡಿ ನುಡಿಸುವಾಗ ಮೋರ್ಸಿಂಗಿನವನ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಅವನ ತಲೆಯ ತುಂಬ ಅವನದೇ ನಾದ. ಆ ಗದ್ದಲದ ನಡುವೆ ಅವನು ಪಕ್ಕದಲ್ಲಿರುವವನ ಸೂಕ್ಷ್ಮವಾದ ನಡೆಯನ್ನು ಕೇಳಿ ಗುರುತಿಸಬೇಕು. ಒಂದು ಮಾತ್ರೆಯಷ್ಟು ಕಿವಿಗೊಡದಿದ್ದರೆ ಕೆಟ್ಟಿತು. ತನ್ನದು ಅತಿ ದೊಡ್ಡದಾಗಿ ಕೇಳುವಾಗಲೂ ಪರರದನ್ನು ಬಿಡದೆ ಕೇಳುವುದು. ಈ ವಾದ್ಯದಲ್ಲಿ ಕೊನೆಗೆ ಕಲಿಯತಕ್ಕದ್ದು ಇದು. ಬೆರಳಿನ ವೇಗವೂ ನಾಲಿಗೆಯ ಚಮತ್ಕಾರವೂ ಇದಕ್ಕೆ ಸಾಧನಗಳು.

ತನ್ನ ದನಿಯು ತನಗೆ ದೊಡ್ಡದಾಗಿ ಕೇಳುವುದು ಮೋರ್ಸಿಂಗಿನವನಿಗೆ ಮಾತ್ರ ಬಂದ ಅವಸ್ಥೆಯಲ್ಲ. ಮನೆಯಲ್ಲಿ ತಾನು ಪಟ್ಟ ಶ್ರಮವು ತನಗೆ ಬೆಟ್ಟವಾಗಿ ಕಾಣುತ್ತದೆ, ಇತರರದು ಕಡ್ಡಿಯಾಗಿ. ಸಭೆಯಲ್ಲಿ ತನ್ನ ವಾದವು ಗುಡುಗಿನಂತೆ, ಎದುರಾಳಿಯದು ಗೊಣಗಾಟದಂತೆ. ಎಲುಬಿನ ಮೂಲಕ ಕೇಳುವ ಈ ಕಿವಿಯು ಮನುಷ್ಯನಿಗೆ ಹುಟ್ಟಿನಿಂದ ಬಂದುದು. ಅದನ್ನು ಕಿತ್ತೆಸೆಯಲಾಗದು, ಕಿತ್ತೆಸೆಯಬೇಕಾಗಿಯೂ ಇಲ್ಲ. ಅದು ಹೆಚ್ಚಿಸಿ ಹೇಳುತ್ತದೆಂಬುದನ್ನು ಅರಿತು, ಅಷ್ಟನ್ನು ಕಳೆದು ಲೆಕ್ಕಕ್ಕೆ ಹಿಡಿಯುವ ಅಭ್ಯಾಸವು ಬಂದರೆ ಸಾಕು. ಮಕ್ಕಳಿಗೆ ಯಾವುದಾದರೊಂದು ವಿದ್ಯೆಯನ್ನು ಹೇಳಿಸಬೇಕೆಂದಿರುವ ಹಿರಿಯರು ಈ ಅಂಶವನ್ನು ಮನಸ್ಸಿನಲ್ಲಿಟ್ಟರೆ ಒಳ್ಳೆಯದು. ಮಗುವು ನುಡಿಸಿದುದೆಲ್ಲಕ್ಕೂ ಭೇಷ್ ಎನ್ನುವುದರಿಂದ ಅದರ ಒಳಗಿವಿಯು ಇನ್ನಷ್ಟು ಉಬ್ಬೀತು. ಎಲ್ಲವನ್ನೂ ಹಳಿಯುವುದರಿಂದ ಅದು ಪರರ ಮುಖವನ್ನೇ ನೋಡುತ್ತ ಬೆಳೆದೀತು. ಹೊಗಳಿಕೆ ತೆಗಳಿಕೆಗಳನ್ನು ಬದಿಗಿಟ್ಟು ಅದರ ಎದುರಿಗೆ ಕುಳಿತು ತಾಳ ಹಾಕುವವರು ಅದಕ್ಕೆ ಹೆಚ್ಚಿನ ಉಪಕಾರವನ್ನು ಮಾಡಿದಂತಾಗುತ್ತದೆ.

ತನ್ನ ನಾದಕ್ಕೆ ತಾನು ಸಾಕ್ಷಿಯಾಗಬಹುದೆ ಎಂಬ ಪ್ರಶ್ನೆಗೆ ಇಷ್ಟರಿಂದ ಉತ್ತರವು ದೊರೆತಂತಾಯಿತು. ಆಗಬಹುದು, ಆದರೆ ಮೊದಲ ದಿನವಲ್ಲ. ಸಾಕ್ಷಿಯಾಗುವ ಯೋಗ್ಯತೆಯನ್ನೂ ಅಭ್ಯಾಸದಿಂದಲೇ ಪಡೆಯಬೇಕು. ಆ ಅಭ್ಯಾಸಕ್ಕೆ ತಂಬೂರಿಯೂ ತಾಳವೂ ಪಕ್ಕದಲ್ಲಿ ಕುಳಿತವನ ಮೃದಂಗವೂ ಬೇಕು.